ಬೆಂಚು ಎಷ್ಟು ಮಳೆಗಾಲ ತಾಳೀತು?

ನಮ್ಮ ಕನ್ನಡ ಸಂಘಕ್ಕೆ ಕೋಣೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಾಕಿಲ್ಲ ಎಂಬ ಹಳೇ ಜಗಳವನ್ನು ಇಲ್ಲಿ ತೆಗೆಯುವುದಿಲ್ಲ. ಕೋಣೆ ಇಲ್ಲದ್ದರಿಂದ ನಮ್ಮ ಗುರುವಾರದ ಸಭೆಗಳೆಲ್ಲ ನಡೆಯುತ್ತ ಬಂದದ್ದು ಮೈದಾನದ ಅಂಚಿನಲ್ಲಿ, ಕಾಡು ಬಾದಾಮಿ ಮರದ ಕೆಳಗಿನ ಬೆಂಚಿನ ಮೇಲೆ. ಕವಿಗೋಷ್ಠಿಯೂ ಅಲ್ಲೇ, ಲೆಕ್ಕಪತ್ರ ಮಂಡನೆಯೂ ಅಲ್ಲೇ. ಊರಿನಿಂದ ಹೊಸದಾಗಿ ಮುಂಬಯಿಗೆ ಬಂದು, ಹಿಂದಿ ಮರಾಠಿ ಎರಡೂ ನೆಟ್ಟಗೆ ಬಾರದೆ ಕಂಗಾಲಾದವರಿಗೆ “ಮಧ್ಯಾಹ್ನ ಆ ಬೆಂಚಿನ ಹತ್ರ ಹೋಗು, ಯಾರಾದರೂ ನಮ್ಮವರು ಸಿಗ್ತಾರೆ” ಎಂದು ಹೇಳಿ ಕಳಿಸುವುದು ಇಲ್ಲಿಯ ರೂಢಿ. ನಾನೂ ಹಾಗೇ ಬಂದವನು.

ಆ ಬೆಂಚು ಕಳೆದ ಮಳೆಗಾಲದಲ್ಲಿ ಮುರಿದು ಬಿತ್ತು. ಕೂತಿದ್ದ ಮೂವರಲ್ಲಿ ಒಬ್ಬನ ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಅನಾಹುತವಾಗಲಿಲ್ಲ. ಈ ವರ್ಷ ಕಾಲೇಜು ಮುಗಿಸಿ ಹೋಗುವವರೆಲ್ಲ ಸೇರಿ ವಂತಿಗೆ ಎತ್ತಿ ಹೊಸ ಬೆಂಚು ಮಾಡಿಸಿಕೊಡೋದು ಅಂತ ನಿರ್ಧಾರವಾಯಿತು. ನಿರ್ಧಾರವೇನೋ ಐದು ನಿಮಿಷದಲ್ಲಿ ಆಯಿತು. ಯಾವ ಬೆಂಚು ಎಂಬ ಚರ್ಚೆ ಮಾತ್ರ ಮೂರು ಗುರುವಾರ ನಡೆಯಿತು. ಹುಬ್ಬಳ್ಳಿ ಕಡೆಯ ಗೆಳೆಯ “ಕಬ್ಬಿಣದ್ದ ಹಾಕಸ್ರಿ, ಜನ್ಮಕ್ಕ ಸಾಕು” ಅಂದ. ಉಡುಪಿಯ ಗೆಳತಿ “ಮರದ್ದೇ ಆಗಬೇಕು ಮಾರಾಯ್ರೆ, ಕೂತ್ರೆ ಕೂತ ಹಾಗಿರ್ತದೆ” ಅಂದಳು. ಖಜಾಂಚಿಗಳು ಸಿಮೆಂಟಿನದು ಅಗ್ಗ ಎಂದರು. ಪ್ಲಾಸ್ಟಿಕ್ಕಿನ ಪಕ್ಷವೂ ಒಂದಿತ್ತು. ಕೊನೆಗೆ, “ನೀನು ರಸಾಯನಶಾಸ್ತ್ರದವನಲ್ವಾ, ತಿಳಿದುಕೊಂಡು ಬಾ” ಎಂದು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ನನಗೆ ತಿಳಿದದ್ದನ್ನು ಎಲ್ಲರೂ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಳೇ ಬೆಂಚು ಸತ್ತದ್ದು ಹೇಗೆ?

ಮೊದಲು ಮಾಡಿದ ಕೆಲಸವೆಂದರೆ ಮುರಿದ ಬೆಂಚನ್ನು ಮಗುಚಿ ನೋಡಿದ್ದು. ಅದು ತೇಗದ ಹಲಗೆ, ಕಬ್ಬಿಣದ ಕಾಲು. ಹನ್ನೊಂದು ಮಳೆಗಾಲ ಕಂಡದ್ದು. ಹಲಗೆ ಬೂದುಬಣ್ಣಕ್ಕೆ ತಿರುಗಿ ಮುದಿಯಾಗಿ ಕಾಣುತ್ತಿತ್ತು. ಆದರೆ ಚಾಕುವಿನಿಂದ ಒಂದು ಕೂದಲೆಳೆ ಕೆರೆದರೆ ಒಳಗೆ ಹೊಂಬಣ್ಣದ ಗಟ್ಟಿ ಮರ! ಹಾಗಾದರೆ ಮುರಿದದ್ದು ಎಲ್ಲಿ? ಎರಡು ಕಡೆ. ಒಂದು, ಹಲಗೆಯನ್ನು ಕಬ್ಬಿಣಕ್ಕೆ ಬಿಗಿದಿದ್ದ ಬೋಲ್ಟುಗಳು ಸವೆದು ಮೊಳೆಯಷ್ಟಾಗಿದ್ದವು. ಅವುಗಳ ಸುತ್ತ ಬೆರಳಗಲ ಮರ ಕಪ್ಪಾಗಿ ಪುಡಿಯಾಗಿತ್ತು. ಎರಡು, ಕಬ್ಬಿಣದ ಕಾಲು ನೆಲದ ಕಾಂಕ್ರೀಟಿಗೆ ಇಳಿಯುವ ಜಾಗದಲ್ಲಿ ತುಕ್ಕು ತಿಂದು ಕಾಗದದ ಹಾಗಾಗಿತ್ತು. ಅದಕ್ಕಿಂತ ಒಂದು ಗೇಣು ಮೇಲೆ ಅದೇ ಕಾಲು, ಅದೇ ಕಬ್ಬಿಣ, ನೆಟ್ಟಗೇ ಇತ್ತು.

ಮರ ಬಾಳುತ್ತದೋ ಕಬ್ಬಿಣ ಬಾಳುತ್ತದೋ ಎಂದು ಮೂರು ಗುರುವಾರ ಕೂಗಾಡಿದೆವಲ್ಲ, ಆ ಪ್ರಶ್ನೆಯೇ ಅರ್ಧ ತಪ್ಪು ಎಂದು ನನಗೆ ಆಗ ಅನ್ನಿಸಿತು. ಬೆಂಚಿನ ಮೈಗೆ ಬಿದ್ದು ಹರಿದು ಹೋದ ನೀರು ಅಷ್ಟೇನೂ ಕೆಡಿಸಿರಲಿಲ್ಲ. ಸಂದಿನಲ್ಲಿ ಹೊಕ್ಕು ಅಲ್ಲೇ ನಿಂತ ನೀರು ಕೆಡಿಸಿತ್ತು. ಬಾದಾಮಿಯ ಅಗಲವಾದ ಎಲೆಗಳು ಹಲಗೆಗಳ ನಡುವೆ ಸಿಕ್ಕಿಕೊಂಡು, ಒದ್ದೆ ಬಟ್ಟೆ ಕಟ್ಟಿದ ಹಾಗೆ ವಾರಗಟ್ಟಲೆ ಆ ಬೋಲ್ಟುಗಳನ್ನು ಒದ್ದೆಯಾಗಿಯೇ ಇಟ್ಟಿದ್ದವು.

ಮರದ ಮಾತು

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ನಾವು ಬೂಷ್ಟು ಅಣಬೆ ಅಂತ ಕರೆಯುವ ಜಾತಿ. ಅದಕ್ಕೆ ಬೇಕಾದದ್ದು ಗಾಳಿ, ಬೆಚ್ಚಗಿನ ಹವೆ ಮತ್ತು ತೇವ. ಮರದ ಒಣತೂಕದ ನೂರಕ್ಕೆ 20ಕ್ಕಿಂತ ಕಡಿಮೆ ನೀರಿದ್ದರೆ ಅದು ಬೆಳೆಯಲಾರದು. ಹಾಗಾಗಿ ನೆನೆದು ಬೇಗ ಒಣಗುವ ಮರ ಬಾಳುತ್ತದೆ, ನೆನೆದು ನೆನೆದೇ ಇರುವ ಮರ ಸಾಯುತ್ತದೆ. ನೆಲದಲ್ಲಿ ಹುಗಿದ ಕಂಬ ಸರಿಯಾಗಿ ನೆಲಮಟ್ಟದಲ್ಲೇ ಮುರಿಯುವುದೂ ಇದೇ ಕಾರಣಕ್ಕೆ: ತೇವವೂ ಗಾಳಿಯೂ ಅಲ್ಲಿ ಒಟ್ಟಿಗೆ ಸಿಗುತ್ತವೆ. ಸಾಲದ್ದಕ್ಕೆ ಗೆದ್ದಲು.

ಯಾವ ಮರ ಎಷ್ಟು ತಾಳುತ್ತದೆ ಎಂದು ನಮ್ಮ ದೇಶದಲ್ಲಿ ಪರೀಕ್ಷಿಸುವ ವಿಧಾನಕ್ಕೆ ಒಂದು ಸೊಗಸಾದ ಹೆಸರಿದೆ: ಸ್ಮಶಾನ ಪರೀಕ್ಷೆ! ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಬೆಳೆಸಿಕೊಂಡು ಬಂದ ಕ್ರಮ ಇದು. 60 ಸೆಂಟಿಮೀಟರು ಉದ್ದ, ಐದೈದು ಸೆಂಟಿಮೀಟರು ಅಗಲ ದಪ್ಪದ ತುಂಡುಗಳನ್ನು ಅರ್ಧ ಹುಗಿದು, ಸಮಾಧಿಕಲ್ಲುಗಳ ಹಾಗೆ ಸಾಲಾಗಿ ನಿಲ್ಲಿಸಿ, ಗೆದ್ದಲಿಗೂ ಬೂಷ್ಟಿಗೂ ಒಪ್ಪಿಸಿಬಿಡುತ್ತಾರೆ. ಸರಾಸರಿ 120 ತಿಂಗಳು ಅಥವಾ ಅದಕ್ಕೂ ಹೆಚ್ಚು ತಾಳಿದರೆ ಮೊದಲ ದರ್ಜೆ; 60ರಿಂದ 120 ತಿಂಗಳಾದರೆ ಎರಡನೆಯದು; 60ಕ್ಕೂ ಕಡಿಮೆಯಾದರೆ ಮೂರನೆಯದು. ತೇಗ, ಸಾಲ ಮೊದಲ ದರ್ಜೆ. ಮಾವು, ಬೂರುಗ ಮೂರನೆಯ ದರ್ಜೆ.

ಇಲ್ಲಿ ಎರಡು ಮಾತು ನೆನಪಿಡಬೇಕು. ಈ ಲೆಕ್ಕ ಮಣ್ಣಿನಲ್ಲಿ ಹುಗಿದ ತುಂಡಿನದು. ನೆಲ ಮುಟ್ಟದೆ ಗಾಳಿಯಲ್ಲಿರುವ ಹಲಗೆ ಅದಕ್ಕಿಂತ ಬಹಳ ಹೆಚ್ಚು ಬಾಳುತ್ತದೆ. ಎರಡನೆಯದಾಗಿ, ಪರೀಕ್ಷೆ ಮಾಡುವುದು ಚೇಗನ್ನು, ಅಂದರೆ ಮರದ ಒಳಗಿನ ಬಲಿತ ಭಾಗವನ್ನು. ಹೊರಗಿನ ಬಿಳಿಯ ಭಾಗ ತೇಗದ್ದೇ ಆದರೂ ಬೂಷ್ಟಿಗೆ ಬೆಣ್ಣೆ ಇದ್ದ ಹಾಗೆ. ಅಂಗಡಿಯವನು “ಅಸಲಿ ಸಾಗುವಾನಿ” ಎಂದು ಕೊಟ್ಟದ್ದರಲ್ಲಿ ಬಿಳಿ ಪಟ್ಟಿ ಕಂಡರೆ, ಅದು ಅಸಲಿಯೇ ಆಗಿದ್ದರೂ ನಮ್ಮ ಬೆಂಚಿಗೆ ಬೇಡ.

ಬೂದುಬಣ್ಣಕ್ಕೆ ಮಾತ್ರ ಹೆದರಬೇಕಾಗಿಲ್ಲ. ಬಿಸಿಲಿನ ನೇರಳಾತೀತ ಕಿರಣ ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಎಂಬ ಅಂಟನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದು ಹಾಕುತ್ತದೆ. ಇದು ಚರ್ಮದ ಮೇಲಿನ ಆಟ. ಹೀಗೆ ಸವೆಯುವುದು ನೂರು ವರ್ಷಕ್ಕೆ ಕೆಲವೇ ಮಿಲಿಮೀಟರು. ಕೂದಲು ನರೆತವನೆಲ್ಲ ಕಾಯಿಲೆಯವನಲ್ಲ ತಾನೆ?

ಮಳೆ ಎಷ್ಟು ಅಲ್ಲ, ಎಷ್ಟು ದಿನ

ಊರೂರಿನ ಹವೆಯಲ್ಲಿ ಮರದ ಆಯುಸ್ಸು ಎಷ್ಟು ಬೇರೆಯಾಗುತ್ತದೆ ಎಂದು ಅಂದಾಜು ಮಾಡಲು ಅಮೆರಿಕದ ಶೆಫರ್ ಎಂಬ ಮರವಿಜ್ಞಾನಿ 1971ರಲ್ಲಿ ಒಂದು ಸುಲಭ ಲೆಕ್ಕ ಕೊಟ್ಟ. ತಿಂಗಳ ಸರಾಸರಿ ಉಷ್ಣತೆಯಿಂದ (ಸೆಲ್ಸಿಯಸ್ಸಿನಲ್ಲಿ) 2 ಕಳೆಯಿರಿ. ಆ ತಿಂಗಳಲ್ಲಿ ಮಳೆ ಬಂದ ದಿನಗಳಿಂದ 3 ಕಳೆಯಿರಿ. ಎರಡನ್ನೂ ಗುಣಿಸಿ, ಹನ್ನೆರಡೂ ತಿಂಗಳಿನದನ್ನು ಕೂಡಿಸಿ 16.7ರಿಂದ ಭಾಗಿಸಿ. ಬಂದ ಅಂಕ 35ಕ್ಕಿಂತ ಕಡಿಮೆಯಾದರೆ ಮರಕ್ಕೆ ಭಯ ಕಡಿಮೆ. 65 ದಾಟಿದರೆ ಭಯ ಹೆಚ್ಚು.

ನಮ್ಮೂರಿನ ಜುಲೈಯಂಥ ಒಂದು ತಿಂಗಳು ತೆಗೆದುಕೊಳ್ಳೋಣ. ಉಷ್ಣತೆ 27 ಡಿಗ್ರಿ, 23 ದಿನ ಮಳೆ ಎಂದುಕೊಂಡರೆ, 25ನ್ನು 20ರಿಂದ ಗುಣಿಸಿ 500, 16.7ರಿಂದ ಭಾಗಿಸಿದರೆ 30. ಒಂದೇ ತಿಂಗಳಿಗೆ 30! ಇಂಥ ಮೂರು ತಿಂಗಳು ಬಂದರೆ 90. ಉಳಿದ ಒಂಬತ್ತು ತಿಂಗಳು ಹನಿ ಬೀಳದಿದ್ದರೂ ಮುಂಬಯಿ ಮರಕ್ಕೆ ಕೆಟ್ಟ ಊರೇ. ದಿಲ್ಲಿಯಲ್ಲಿ ಮಳೆಯ ದಿನಗಳು ಇದಕ್ಕಿಂತ ಬಹಳ ಕಡಿಮೆ, ಹಾಗಾಗಿ ಅಂಕವೂ ಚಿಕ್ಕದು. ಅಲ್ಲಿ ಮರಕ್ಕೆ ಬೇರೆ ರೋಗ: ಒಣಗಾಳಿಯಲ್ಲಿ ಕುಗ್ಗಿ, ಮಳೆಗಾಲದಲ್ಲಿ ಹಿಗ್ಗಿ ಸೀಳುವುದು.

ಈ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಒಂದೇ ದಿನ ಹತ್ತು ಇಂಚು ಹೊಡೆದರೂ ಅದು ಒಂದು ದಿನ; ಜಿಟಿಜಿಟಿ ಹನಿದರೂ ಅದು ಒಂದು ದಿನ. ಜಡಿಮಳೆಗಿಂತ, ಒಣಗಲು ಬಿಡುವು ಕೊಡದ ಸೋನೆಮಳೆಯೇ ಮರಕ್ಕೆ ಶತ್ರು. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಷಾಢದಲ್ಲಿ ಒಗೆದ ಬಟ್ಟೆಯ ಕಥೆ ಅವರಿಗೆ ಗೊತ್ತು.

ಕಬ್ಬಿಣದ ಮಾತು

ಹುಬ್ಬಳ್ಳಿಯ ಗೆಳೆಯನ ಮಾತು ಹುಬ್ಬಳ್ಳಿಗೆ ಸರಿ. ಇಲ್ಲಿ ಸಮುದ್ರ ಕೂಗಳತೆಯಲ್ಲಿದೆ. ಅಲೆಯಿಂದ ಎದ್ದ ಉಪ್ಪಿನ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಬಂದು ಕೂರುತ್ತವೆ. ಉಪ್ಪಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ. ಮಳೆಯಿಲ್ಲದ ದಿನವೂ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಒಂದು ನೀರಿನ ಪೊರೆ ಇರುತ್ತದೆ. ದಡದಿಂದ ಒಳಗೆ ಹೋದ ಹಾಗೆ ಈ ಉಪ್ಪು ಬಹಳ ಬೇಗ ಕಡಿಮೆಯಾಗುತ್ತದೆ. ಪುಣೆಗೆ, ಹೈದರಾಬಾದಿಗೆ ಈ ಕಾಟ ಇಲ್ಲ. ಮದರಾಸಿಗೆ, ಅಂದರೆ ಈಗಿನ ಚೆನ್ನೈಗೆ, ಇದೆ.

ಲೋಹಗಳನ್ನು ಎಷ್ಟು ವೇಗವಾಗಿ ತಿನ್ನುತ್ತದೆ ಎಂಬುದರ ಮೇಲೆ ಊರಿನ ಹವೆಯನ್ನು ಸಿ1ರಿಂದ ಸಿ5ರವರೆಗೆ, ಅದರಾಚೆಗೂ ಒಂದು, ಹೀಗೆ ಅಂತರರಾಷ್ಟ್ರೀಯ ಮಾನಕದಲ್ಲಿ ವಿಂಗಡಿಸಿದ್ದಾರೆ. ನಡುವಿನ ಸಿ3 ಹವೆಯಲ್ಲಿ ಬರಿಯ ಕಬ್ಬಿಣ ಮೊದಲ ವರ್ಷ 25ರಿಂದ 50 ಮೈಕ್ರಾನು ಸವೆದರೆ, ಉಪ್ಪುಗಾಳಿಯ ಸಿ5ರಲ್ಲಿ 80ರಿಂದ 200. (ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರು.) ಅದಕ್ಕೇ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದು. ದಪ್ಪ ಕಬ್ಬಿಣಕ್ಕೆ ಸಾಮಾನ್ಯವಾಗಿ 85 ಮೈಕ್ರಾನು ಸತುವಿನ ಅಂಗಿ ಸಿಗುತ್ತದೆ. ಸತು ವರ್ಷಕ್ಕೆ ಸವೆಯುವುದು ಸಿ3ರಲ್ಲಿ 0.7ರಿಂದ 2.1 ಮೈಕ್ರಾನು, ಸಿ5ರಲ್ಲಿ 4.2ರಿಂದ 8.4. ಭಾಗಿಸಿ ನೋಡಿ: ಒಳನಾಡಿನಲ್ಲಿ ಆ ಅಂಗಿ 40 ವರ್ಷಕ್ಕೂ ಮೇಲೆ, ನಮ್ಮಂಥ ಕಡೆ 10ರಿಂದ 20. ಅದೇ ಬೆಂಚು, ಅದೇ ಕಾರಖಾನೆ, ಊರು ಮಾತ್ರ ಬೇರೆ!

ಇದೂ ಬಯಲಿನ ಮೈಯ ಲೆಕ್ಕ. ಸಂದಿನಲ್ಲಿ ಇದಕ್ಕಿಂತ ಬೇಗ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಊದಿಕೊಂಡು ಬಣ್ಣವನ್ನು ಒಳಗಿನಿಂದಲೇ ಎತ್ತಿ ಹಾಕುತ್ತದೆ, ಎದ್ದ ಬಣ್ಣದ ಅಡಿಯಲ್ಲಿ ಇನ್ನಷ್ಟು ನೀರು ನಿಲ್ಲುತ್ತದೆ. ತುಕ್ಕಿನ ಮೇಲೇ ಬಣ್ಣ ಬಳಿಯುವುದು ಜ್ವರ ಬಂದವನಿಗೆ ಹೊಸ ಅಂಗಿ ತೊಡಿಸಿದ ಹಾಗೆ.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲು? ಅದರಲ್ಲೂ ಜಾತಿ ಇದೆ. ಅಡಿಗೆಮನೆಯ ಪಾತ್ರೆಗೆ ಬಳಸುವ 304 ಎಂಬುದಕ್ಕೆ ಸಮುದ್ರದ ಹತ್ತಿರ ಚಹಾ ಚೆಲ್ಲಿದಂಥ ಕಲೆ ಬೀಳುತ್ತದೆ. ನೂರಕ್ಕೆ ಎರಡು ಮೂರು ಪಾಲು ಮಾಲಿಬ್ಡಿನಮ್ ಸೇರಿಸಿದ 316 ಅದಕ್ಕಿಂತ ಗಟ್ಟಿ. ಇಡೀ ಬೆಂಚಿಗೆ ನಮ್ಮ ವಂತಿಗೆ ಸಾಲದು, ಬೋಲ್ಟುಗಳಿಗೆ ಸಾಕು.

ಸಿಮೆಂಟಿನ ಮಾತು

ಖಜಾಂಚಿಗಳ ಕ್ಷಮೆ ಕೋರಿ ಹೇಳುತ್ತೇನೆ. ಸಿಮೆಂಟಿನ ಬೆಂಚು ಅಂದರೆ ಒಳಗೆ ಅಡಗಿ ಕೂತ ಕಬ್ಬಿಣದ ಬೆಂಚು! ಹೊಸ ಕಾಂಕ್ರೀಟಿನಲ್ಲಿ ಪಿ.ಎಚ್. 12ಕ್ಕಿಂತ ಮೇಲಿರುವ ಬಲವಾದ ಕ್ಷಾರಗುಣವಿದೆ. ಅದರ ರಕ್ಷಣೆಯಲ್ಲಿ ಒಳಗಿನ ಸರಳು ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡು ಹೊರಗಿನಿಂದ ನಿಧಾನವಾಗಿ ಆ ಕ್ಷಾರವನ್ನು ಕೊಲ್ಲುತ್ತ ಬರುತ್ತದೆ, ಸಮುದ್ರದ ಉಪ್ಪೂ ಜತೆಗೆ ಒಳನುಗ್ಗುತ್ತದೆ. ಸರಳನ್ನು ಮುಟ್ಟಿದ ದಿನ ಅದು ತುಕ್ಕು ಹಿಡಿದು, ಊದಿ, ಕಾಂಕ್ರೀಟನ್ನು ಸಿಪ್ಪೆಯ ಹಾಗೆ ಎಬ್ಬಿಸುತ್ತದೆ. ಮುಂಬಯಿಯ ಹಳೇ ಬಿಲ್ಡಿಂಗುಗಳ ಸಜ್ಜದ ಅಡಿಯಲ್ಲಿ ತಲೆ ಎತ್ತಿ ನೋಡಿದವರಿಗೆಲ್ಲ ಈ ದೃಶ್ಯ ಪರಿಚಿತ.

ಹಾಗಾಗಿ ಸರಳಿನ ಮೇಲೆ ಎಷ್ಟು ದಪ್ಪ ಕಾಂಕ್ರೀಟು ಹೊದಿಸಿದೆ ಎಂಬುದೇ ಪ್ರಾಣ. ಸಮುದ್ರತೀರದ ಬಯಲಿಗೆ 45 ಮಿಲಿಮೀಟರು ಹೊದಿಕೆ ಬೇಕೆಂದು ಭಾರತೀಯ ಮಾನಕ ಐ.ಎಸ್. 456 (2000ದ ಆವೃತ್ತಿ) ಹೇಳುತ್ತದೆ. ಬೆಂಚಿನ ಹಲಗೆಯ ಒಟ್ಟು ದಪ್ಪವೇ 75 ಮಿಲಿಮೀಟರು ಎಂದುಕೊಳ್ಳಿ. ಸರಳನ್ನು ಸರಿಯಾಗಿ ನಡುವೆ ಇಟ್ಟರೂ ಮೇಲೆ ಕೆಳಗೆ ಸಿಗುವುದು 33 ಮಾತ್ರ. 50 ಮಿಲಿಮೀಟರಿನ ತೆಳು ಹಲಗೆಯಾದರೆ 21. ಇನ್ನೊಂದು ಸಂಗತಿ: ಇಂಗಾಲದ ಡೈಆಕ್ಸೈಡು ಒಳಗಿಳಿಯುವ ಆಳ ಕಾಲದ ವರ್ಗಮೂಲದ ಪ್ರಕಾರ ಬೆಳೆಯುತ್ತದೆ. ಹೊದಿಕೆ ಅರ್ಧವಾದರೆ ಆಯುಸ್ಸು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. 40 ವರ್ಷ ತಾಳಬೇಕಾದದ್ದು 10ಕ್ಕೇ ಮುಗಿಯಿತು. ಅಗ್ಗ ಅನ್ನುವುದು ಈ ಲೆಕ್ಕ ಹಾಕಿದ ಮೇಲೆ ಅಗ್ಗವಾಗಿ ಉಳಿಯುವುದಿಲ್ಲ.

ಪ್ಲಾಸ್ಟಿಕ್ಕು, ಕೊನೆಗೆ ಕಲ್ಲು

ಹಳೇ ಪ್ಲಾಸ್ಟಿಕ್ಕನ್ನು ಕರಗಿಸಿ ಎರಕ ಹೊಯ್ದ ದಪ್ಪ ಹಲಗೆಗಳು ಈಗ ಬಂದಿವೆ. ಕೊಳೆಯುವುದಿಲ್ಲ, ಗೆದ್ದಲು ಮೂಸುವುದಿಲ್ಲ. ಇದರ ಶತ್ರು ಬಿಸಿಲು. ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ಕು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಏನೂ ಬೆರೆಸದ್ದು ಪುಡಿಪುಡಿಯಾಗಿ ಸೀಳುತ್ತದೆ. ಇನ್ನೆರಡು ದೋಷಗಳಿವೆ. ಭಾರ ಹೊತ್ತು ಹೊತ್ತು ಅದು ತೊಟ್ಟಿಲಿನ ಹಾಗೆ ಬಗ್ಗುತ್ತದೆ, ಹಾಗಾಗಿ ಅಡಿಯಲ್ಲಿ ಆಸರೆ ಹತ್ತಿರ ಹತ್ತಿರ ಬೇಕು. ಬಿಸಿಗೆ ಬಹಳ ಹಿಗ್ಗುತ್ತದೆ ಕೂಡ: ಒಂದೂವರೆ ಮೀಟರಿನ ಹಲಗೆ 30 ಡಿಗ್ರಿ ಏರಿಕೆಗೆ ಆರೇಳು ಮಿಲಿಮೀಟರು ಬೆಳೆದರೆ, ಅದೇ ಉದ್ದದ ಕಬ್ಬಿಣ ಬೆಳೆಯುವುದು ಅರ್ಧ ಮಿಲಿಮೀಟರು. ಎರಡನ್ನೂ ಬಿಗಿಯಾಗಿ ಬೋಲ್ಟು ಹಾಕಿದರೆ ಒಂದು ಇನ್ನೊಂದನ್ನು ಹರಿಯುತ್ತದೆ.

ಉಳಿದದ್ದು ಕಲ್ಲು. ಊರಲ್ಲಿ ನಾವೆಲ್ಲ ಕೂತು ಬೆಳೆದದ್ದು ಅರಳೀಕಟ್ಟೆಯ ಚಪ್ಪಡಿಯ ಮೇಲೆ, ಮನೆಯ ಜಗಲಿಯ ಮೇಲೆ. ಗ್ರಾನೈಟಿನಂಥ ಕಲ್ಲು ತನ್ನ ತೂಕದ ನೂರಕ್ಕೆ ಅರ್ಧದಷ್ಟೂ ನೀರು ಹೀರುವುದಿಲ್ಲ. ಮಳೆ, ಉಪ್ಪು, ಬಿಸಿಲು, ಗೆದ್ದಲು ಯಾವುದೂ ನಮ್ಮ ಆಯುಸ್ಸಿನಲ್ಲಿ ಅದಕ್ಕೆ ಲೆಕ್ಕವಿಲ್ಲ. ಅದರ ದೌರ್ಬಲ್ಯ ಬೇರೆ: ಒತ್ತಿದರೆ ತಡೆಯುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ದಪ್ಪ ಅರ್ಧವಾದರೆ ಬಗ್ಗುವುದನ್ನು ತಡೆಯುವ ಬಲ ಕಾಲು ಭಾಗವಾಗುತ್ತದೆ. ಆದ್ದರಿಂದ ದಪ್ಪದಲ್ಲಿ ಜಿಪುಣತನ ಮಾಡಬಾರದು, ಕಾಲುಗಳನ್ನು ದೂರ ಇಡಬಾರದು.

ಕಲ್ಲಿಗೂ ಸಂದಿನ ಕಾಟ ತಪ್ಪಿದ್ದಲ್ಲ. ಅಥೆನ್ಸಿನ ಪಾರ್ಥೆನಾನ್ ಎರಡು ಸಾವಿರದ ನಾನೂರು ವರ್ಷಕ್ಕೂ ಹಳೆಯ ದೇಗುಲ. ಪುರಾತನ ಗ್ರೀಕರು ಕಲ್ಲುಗಳನ್ನು ಕಬ್ಬಿಣದ ಪಟ್ಟಿಯಿಂದಲೇ ಬೆಸೆದಿದ್ದರು, ಆದರೆ ಪಟ್ಟಿಯ ಸುತ್ತ ಸೀಸ ಹೊಯ್ದಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಿಪೇರಿ ಮಾಡಿದವರು ಸೀಸವಿಲ್ಲದೆ ಬರಿಯ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು ಊದಿ ಅಮೃತಶಿಲೆಯನ್ನೇ ಸೀಳಿತು. ಆಮೇಲಿನವರು ಅದನ್ನೆಲ್ಲ ಕಿತ್ತು ಟೈಟೇನಿಯಮ್ ಹಾಕಬೇಕಾಯಿತು. ನಮ್ಮ ಬೆಂಚಿನ ಮೇಸ್ತ್ರಿ “ಗಟ್ಟಿ ಇರಲಿ” ಎಂದು ಕಲ್ಲಿನೊಳಗೆ ಕಬ್ಬಿಣದ ಸರಳು ತೂರಿಸಲು ಬಂದರೆ ಈ ಕಥೆ ಹೇಳಬೇಕು.

ನನ್ನ ಸಲಹೆ

ಒಳ್ಳೆಯ ತೇಗದ ಹಲಗೆ, 316ರ ಬೋಲ್ಟು, ನೆಲ ಮುಟ್ಟದ ಮರ, ವರ್ಷಕ್ಕೊಮ್ಮೆ ಆರೈಕೆ: ಇಷ್ಟಿದ್ದರೆ ಉಡುಪಿಯ ಗೆಳತಿಯ ಮರದ ಬೆಂಚೂ ಹಲವು ದಶಕ ಬಾಳುತ್ತದೆ, ಕೂರಲು ಅದೇ ಸುಖ. ಆದರೆ ಆ “ವರ್ಷಕ್ಕೊಮ್ಮೆ” ಮಾಡುವವರು ಯಾರು? ನಾವು ಇಲ್ಲಿರುವುದು ಮೂರು ವರ್ಷ. ಹಳೇ ಬೆಂಚಿನ ಬೋಲ್ಟು ಬಿಗಿ ಮಾಡಲು ಒಂದು ಪಾನಾ ಸಾಕಿತ್ತು. ಅದರ ಮೇಲೆ ಕೂತು ಕವಿತೆ ಓದಿದ ನಾವ್ಯಾರೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಗ್ಗಿ ನೋಡಲಿಲ್ಲ. ಇದರಲ್ಲಿ ಕಾಲೇಜಿನವರನ್ನು ದೂರಿ ಪ್ರಯೋಜನವಿಲ್ಲ, ತಪ್ಪು ನಮ್ಮದೇ.

ಆದ್ದರಿಂದ, ಮರೆತರೂ ಬಾಳುವಂಥದ್ದು ನಮಗೆ ಬೇಕು. ಒಂದೂವರೆ ಮೀಟರು ಉದ್ದ, 45 ಸೆಂಟಿಮೀಟರು ಅಗಲ, 75 ಮಿಲಿಮೀಟರು ದಪ್ಪದ ಒಂದೇ ಗ್ರಾನೈಟ್ ಚಪ್ಪಡಿ, 1.2 ಮೀಟರು ಅಂತರದಲ್ಲಿ ಎರಡು ಕಲ್ಲಿನ ಕಾಲು; ಒಳಗೆ ಎಲ್ಲೂ ಕಬ್ಬಿಣ ಬೇಡ; ನೀರು ನಿಲ್ಲದ ಹಾಗೆ ಮುಂದಕ್ಕೆ ಒಂದಿಷ್ಟು ಇಳಿಜಾರು. ತೂಕ ಸುಮಾರು 135 ಕಿಲೊ ಆಗುತ್ತದೆ, ಹಾಗಾಗಿ ಗುಜರಿಯವನ ಭಯವೂ ಇಲ್ಲ. ಇಳಕಲ್ಲಿನ ಕೆಂಪು ಕಲ್ಲು ಮುಂಬಯಿಯಲ್ಲೂ ಸಿಗುತ್ತದೆ. ಇಳಕಲ್ಲು ಅಂದರೆ ಸೀರೆ ಮಾತ್ರ ಅಂದುಕೊಂಡವರಿಗೆ ಇದೊಂದು ಹೊಸ ಪರಿಚಯವೂ ಆದೀತು. ಬಿಸಿಲಿಗೆ ಕಲ್ಲು ಕಾಯುತ್ತದೆ ನಿಜ. ಆದರೆ ಬಾದಾಮಿ ಮರ ಇದೆಯಲ್ಲ. ಬೆನ್ನಿಗೆ ಒರಗು ಇರುವುದಿಲ್ಲ, ಅಷ್ಟು ಸೋಲನ್ನು ಒಪ್ಪಿಕೊಳ್ಳಬೇಕು.

ಹೆಸರು ಕೆತ್ತಿಸುವ ಮಾತೂ ಬಂದಿದೆ. ನಮ್ಮ ಹೆಸರು ಬೇಡ. ಸಂಘದ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿದರೆ ಸಾಕು. ಹೊಸದಾಗಿ ಬಂದವರಿಗೆ ದೂರದಿಂದಲೇ ಅಕ್ಷರ ಕಂಡೀತು.

ಮರವೇ ಬೇಕೆಂದು ಬಹುಮತ ಬಂದರೆ ನನ್ನ ತಕರಾರಿಲ್ಲ. ಆಗ ಮಾತ್ರ ಸಂಘದ ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು: ಪ್ರತಿ ವರ್ಷ ಮೇ ಕೊನೆಗೆ, ಮಳೆಗೆ ಮುಂಚೆ, ಕಾರ್ಯದರ್ಶಿ ಬೆಂಚನ್ನು ಬಗ್ಗಿ ನೋಡಿ, ಸಂದಿನ ಎಲೆ ತೆಗೆದು, ಬೋಲ್ಟು ಬಿಗಿಮಾಡತಕ್ಕದ್ದು.

ತೀರ್ಮಾನ ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ. ಸದ್ಯಕ್ಕೆ ಬೆಂಚಿಲ್ಲ, ನೆಲದ ಮೇಲೇ ಕೂರಬೇಕು. ದಯವಿಟ್ಟು ಹಳೇ ಪೇಪರು ತನ್ನಿ.